ತೋಟದ ಮನೆಗೆ ಯಾವ ಬಂದೂಕು?

2025ರ ಸೆಪ್ಟೆಂಬರಿನಲ್ಲಿ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಬ್ಯಾಂಕ್ ದರೋಡೆ ಆದಾಗಿನಿಂದ ನಮ್ಮ ಕಡೆ ಮದುವೆ ಮನೆ, ಸೀಮಂತ, ಎಲ್ಲಿ ಹೋದರೂ ಇದೇ ಮಾತು. ಮುಸುಕು ಹಾಕಿಕೊಂಡು, ಪಿಸ್ತೂಲು ಹಿಡಿದು ಬ್ಯಾಂಕಿಗೇ ನುಗ್ಗಿದವರು ಇನ್ನು ತೋಟದ ಮನೆ ಬಿಡುತ್ತಾರಾ ಅಂತ. ನಮ್ಮದು ಮುಧೋಳ ತಾಲೂಕಿನಲ್ಲಿ ಊರ ಹೊರಗಿನ ಮನೆ. ಸುತ್ತ ಕಬ್ಬು. ಹಾಗಾಗಿ ನಮ್ಮಲ್ಲೂ ಚರ್ಚೆ ಶುರುವಾಯಿತು.

ಮೈದುನನಿಗೆ ಪಿಸ್ತೂಲೇ ಬೇಕು. ನಮ್ಮ ಮನೆಯವರಿಗೆ ರೈಫಲ್ ಮೇಲೆ ಕಣ್ಣು. ಮಾವನವರು ಮಾತ್ರ, ನನ್ನ ಡಬಲ್ ಬ್ಯಾರಲ್ (ಎರಡು ನಳಿಗೆಯ ಬಂದೂಕು) ಇರುವಾಗ ಇನ್ನೊಂದು ಯಾಕ್ರೋ ಅಂತ ಒಂದೇ ಮಾತಿಗೆ ಮುಗಿಸಿದರು. ರಾತ್ರಿ ಮನೆಯಲ್ಲಿ ಇರುವವರು ಯಾರು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಗಂಡಸರು ಟ್ರ್ಯಾಕ್ಟರ್ ಸಮೇತ ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ರಾತ್ರಿ ಕಳೆಯುತ್ತಾರೆ. ಮನೆಯಲ್ಲಿ ನಾನು, ಅತ್ತೆ, ಮಕ್ಕಳು, ಮತ್ತೆ ಕಣ್ಣಿನ ಆಪರೇಷನ್ ಆದ ಮಾವ. ಬಂದೂಕು ಎತ್ತಬೇಕಾದ ಹೊತ್ತು ಬಂದರೆ ಎತ್ತಬೇಕಾದವಳು ನಾನೇ ತಾನೇ?

ಇಲ್ಲೇ ಮೊದಲ ತೊಡಕು. ಲೈಸೆನ್ಸ್ ಮನೆಗೆ ಕೊಡುವುದಲ್ಲ, ಒಬ್ಬ ವ್ಯಕ್ತಿಗೆ ಕೊಡುವುದು. ಗಂಡನ ಹೆಸರಲ್ಲಿ ಲೈಸೆನ್ಸ್ ಇದ್ದು, ಅವರು ಫ್ಯಾಕ್ಟರಿ ಹತ್ತಿರ ಇದ್ದು, ಬಂದೂಕು ನನ್ನ ಕೈಯಲ್ಲಿದ್ದರೆ ಕಾನೂನಿನ ಮುಂದೆ ಉತ್ತರ ಕೊಡುವುದು ಕಷ್ಟ. ಅದಕ್ಕೇ ನಾನು ಅಂದೆ, ಅರ್ಜಿ ನನ್ನ ಹೆಸರಲ್ಲೇ ಹಾಕೋಣ. ಒಂದು ನಿಮಿಷ ಎಲ್ಲರೂ ಸುಮ್ಮನಾದರು. ಆಮೇಲೆ ಅತ್ತೆಯೇ, ಹಾಕ್ಲಿ ಬಿಡು, ಎಂದರು. 21 ವರ್ಷ ತುಂಬಿದ್ದರೆ ಹೆಂಗಸು ಗಂಡಸು ಅಂತ ಭೇದ ಇಲ್ಲ. ಬೆಳಗಾವಿ ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿ, ನಮ್ಮಂಥವರಿಗೆ ಜಿಲ್ಲಾಧಿಕಾರಿ ಕಚೇರಿ. ಪೊಲೀಸ್ ವಿಚಾರಣೆ, ಡಾಕ್ಟರ ಸರ್ಟಿಫಿಕೇಟು, ಬಂದೂಕು ಬಳಕೆಯ ತರಬೇತಿ ಎಲ್ಲ ಆಗಬೇಕು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಅವಧಿ 5 ವರ್ಷ, ಒಬ್ಬರ ಹತ್ತಿರ 2ಕ್ಕಿಂತ ಜಾಸ್ತಿ ಬಂದೂಕು ಇರುವ ಹಾಗಿಲ್ಲ.

ಇನ್ನು ಯಾವುದು ಅನ್ನುವ ಪ್ರಶ್ನೆ. ಸಿನಿಮಾ ನೋಡಿ 9 ಎಂಎಂ ಪಿಸ್ತೂಲು ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ನಮಗೆ ನಿಮಗೆ ಸಿಗಲ್ಲ. ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ. 9 ಎಂಎಂ, .38, .455 ಎಲ್ಲ ನಿಷೇಧಿತ ಬೋರ್. ಸಾಮಾನ್ಯರಿಗೆ ಉಳಿಯುವುದು .32 ಪಿಸ್ತೂಲು ಅಥವಾ ರಿವಾಲ್ವರ್, .22, .315 ರೈಫಲ್, ಮತ್ತೆ ಛರ್ರಾ (ಸಣ್ಣ ಸಣ್ಣ ಗುಂಡುಗಳು) ಹಾರಿಸುವ 12 ಬೋರ್ ಬಂದೂಕು.

.315 ರೈಫಲ್ ಮನೆ ಕಾಯಲು ಅಲ್ಲ. ಅದರ ಗುಂಡು ಕಿಲೋಮೀಟರ್ ದಾಟಿಯೂ ಹೋಗುತ್ತದೆ. ನಮ್ಮ ಮನೆಯ ಗೋಡೆ ಕಲ್ಲಿನದು, ಎರಡು ಅಡಿ ದಪ್ಪ. ಆದರೆ ದನದ ಕೊಟ್ಟಿಗೆ ತಗಡಿನದು, ಅಡುಗೆಮನೆಯ ಹಿಂಬದಿಯೂ ತಗಡಿನದೇ. ಅದರಾಚೆ ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲುಗಳು, ಮಕ್ಕಳು ಮರಿ ಕಟ್ಟಿಕೊಂಡು ಮಹಾರಾಷ್ಟ್ರದಿಂದ ಬಂದವರು. ತಗಡು ರೈಫಲ್ ಗುಂಡನ್ನು ತಡೆಯುತ್ತದೆ ಅಂತ ಯಾರಾದರೂ ನಂಬಿದ್ದರೆ ದಯವಿಟ್ಟು ಬಂದೂಕಿನ ಸಹವಾಸಕ್ಕೇ ಬರಬೇಡಿ.

.32 ಬಗ್ಗೆ ನಾನೂ ಸ್ವಲ್ಪ ಯೋಚಿಸಿದೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ನಿರ್ಭೀಕ್ ಅಂತ ರಿವಾಲ್ವರ್ ತಂದಾಗ, ಹೆಂಗಸರಿಗಾಗಿಯೇ ಮಾಡಿದ್ದು, ಅರ್ಧ ಕೆಜಿ ತೂಕ ಅಂತೆಲ್ಲ ಸುದ್ದಿಯಾಗಿತ್ತು. ಬೆಲೆ ಆಗಲೇ 1.22 ಲಕ್ಷ. ಹಗುರ ಅಂದ ತಕ್ಷಣ ಸುಲಭ ಅಂತಲ್ಲ. ಕೈ ನಡುಗುವ ಹೊತ್ತಿನಲ್ಲಿ ಸಣ್ಣ ನಳಿಗೆಯ ಆಯುಧದಿಂದ ಗುರಿ ಹಿಡಿಯುವುದು ತುಂಬಾ ಅಭ್ಯಾಸ ಬೇಡುವ ಕೆಲಸ, ಆ ಅಭ್ಯಾಸಕ್ಕೆ ಬೇಕಾದ ಜಾಗ ನಮ್ಮ ತಾಲೂಕಿನಲ್ಲಿ ಎಲ್ಲಿದೆ? ಇನ್ನೊಂದು, ಸಣ್ಣದು ಎಲ್ಲಿ ಬೇಕಾದರೂ ಹೋಗುತ್ತದೆ. ದಿಂಬಿನ ಕೆಳಗೆ, ಸೊಂಟಕ್ಕೆ, ಕಾರಿನ ಡ್ಯಾಶ್‌ಬೋರ್ಡಿಗೆ, ಆಮೇಲೆ ಢಾಬಾದ ಟೇಬಲ್ಲಿಗೆ. ಮೈದುನನ ಸ್ವಭಾವ ನನಗೆ ಗೊತ್ತು. ಮದುವೆ ಮೆರವಣಿಗೆಯಲ್ಲಿ ಜನರ ನಡುವೆ ಗಾಳಿಯಲ್ಲಿ ಗುಂಡು ಹಾರಿಸಿದರೂ ಈಗ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಹೇಳಿದ ಮೇಲೆ ಅವನ ಉತ್ಸಾಹ ಅರ್ಧ ಇಳಿಯಿತು.

ಹೀಗೆ ಒಂದೊಂದೇ ತೆಗೆದು ಹಾಕಿದ ಮೇಲೆ ಉಳಿದದ್ದು ಮಾವನವರು ಹೇಳಿದ್ದೇ. 12 ಬೋರಿನ ಡಬಲ್ ಬ್ಯಾರಲ್. ಅದು ಹೆಚ್ಚು ಶಕ್ತಿಶಾಲಿ ಅನ್ನುವುದು ನನ್ನ ಕಾರಣ ಅಲ್ಲ. ಆ ಬಂದೂಕು ಸುಳ್ಳು ಹೇಳಲ್ಲ. ಸನ್ನೆ (ಲಿವರ್) ತಳ್ಳಿ ನಡುವಲ್ಲಿ ಮಡಚಿದರೆ ನಳಿಗೆ ಕೆಳಗೆ ಬಾಗುತ್ತದೆ, ಎರಡು ತೂತು ಕಾಣುತ್ತವೆ. ತೂತಿನಾಚೆ ಬೆಳಕು ಕಂಡರೆ ಖಾಲಿ. ಗುಂಡು, ಮದ್ದು ತುಂಬಿದ ಕಾಡತೂಸಿನ ಹಿತ್ತಾಳೆ ಕಂಡರೆ ತುಂಬಿದೆ. ಅಷ್ಟೇ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದು ಖಾಲಿ ಅಂತ ಭಾವಿಸುತ್ತೇವೆ, ಒಂದು ಗುಂಡು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯ ಗುಂಡಿನ ಗೂಡಿನಲ್ಲಿ, ಉಳಿದಿರುತ್ತದೆ, ಮನೆಯೊಳಗಿನ ಅನಾಹುತಗಳು ಆಗುವುದೇ ಹೀಗೆ. ಮಕ್ಕಳಿರುವ ಮನೆಯಲ್ಲಿ, ಪಡಸಾಲೆಯ ಈ ತುದಿಯಿಂದ ನೋಡಿದರೂ ಖಾಲಿ ಅಂತ ಗೊತ್ತಾಗುವ ಆಯುಧ ನನಗೆ ಬೇಕಿತ್ತು. ಕಾನೂನಿನಲ್ಲೂ ಇದಕ್ಕೆ ದಾರಿ ಸ್ವಲ್ಪ ಸಲೀಸು. 20 ಇಂಚಿಗಿಂತ ಕಡಿಮೆ ಇಲ್ಲದ, ಒಳಗೆ ಸುರುಳಿ ಗೆರೆ ಇಲ್ಲದ ನುಣುಪು ನಳಿಗೆಯ ಬಂದೂಕನ್ನು ರಕ್ಷಣೆಗೆ ಕೇಳಿದರೆ ಅದನ್ನು 1959ರ ಆಯುಧ ಕಾಯ್ದೆ ಬೇರೆಯಾಗಿಯೇ ನೋಡುತ್ತದೆ.

ತೊಂದರೆಗಳೂ ಇವೆ, ಮುಚ್ಚಿಡಲ್ಲ. ಮೂರು ಕೆಜಿ ತೂಕ. ಉದ್ದ ನಳಿಗೆ, ನಮ್ಮ ಹಳೇ ಬಾಗಿಲುಗಳಲ್ಲಿ ತಿರುಗಿಸಿದರೆ ಚೌಕಟ್ಟಿಗೆ ಬಡಿಯುತ್ತದೆ. ಭುಜಕ್ಕೆ ಒದೆಯುತ್ತದೆ. ಛರ್ರಾ ಅಂದರೆ ಸುಮ್ನೆ ಆ ಕಡೆ ಹಿಡಿದರೆ ಸಾಕು, ಎಲ್ಲ ಕಡೆ ಹರಡುತ್ತದೆ ಅನ್ನುವುದು ದೊಡ್ಡ ಭ್ರಮೆ. ಕೋಣೆಯೊಳಗೆ ಹತ್ತು ಹನ್ನೆರಡು ಅಡಿಯಲ್ಲಿ ಅದು ಅಂಗೈ ಅಗಲವೂ ಹರಡುವುದು ಕಷ್ಟ, ಗುರಿ ಹಿಡಿಯಲೇಬೇಕು.

ಹಳೇ ಬಂದೂಕು ಇರುವವರು ಕಾಡತೂಸು ನೋಡಿಕೊಳ್ಳಿ. ಮಾವನವರ ಡಬ್ಬಿ ತೆರೆದಾಗ ಹಿತ್ತಾಳೆಗೆಲ್ಲ ಹಸಿರು ಕಿಲುಬು, ಒಂದೆರಡು ಉಬ್ಬಿ ಬಾಯಿ ಬಿಟ್ಟಿದ್ದವು. ಅಂಥವನ್ನು ಇನ್ನೂ ಒಂದು ಸಲ ಹೊಡೆದು ನೋಡೋಣ ಅನ್ನಬೇಡಿ. ಹಳೇ ನಳಿಗೆಯ ಚೇಂಬರ್ 65 ಮಿಲಿಮೀಟರ್ ಇದ್ದು ಈಗಿನ 70ರ ಕಾಡತೂಸು ತುಂಬಿದರೆ ಅದು ಒಳಗೆ ಸರಾಗವಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಹೊಡೆದಾಗ ಕಾಡತೂಸಿನ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಮಿತಿ ಮೀರುತ್ತದೆ. ನಳಿಗೆಯ ಮೇಲೆ ಕೊರೆದಿರುವುದನ್ನು ಬಲ್ಲವರಿಂದ ಓದಿಸಿ.

ಈಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಎರಡು ಗಂಟೆಗೆ ಕರೆಂಟು ಬಂತು ಅಂದರೆ ಇಡೀ ಅಡವಿ ಎದ್ದು ಕೂರುತ್ತದೆ. ಒಬ್ಬ ಸ್ಟಾರ್ಟರ್ ಒತ್ತಲು ಓಡುತ್ತಾನೆ, ಇನ್ನೊಬ್ಬ ಕಾಲುವೆ ತಿರುಗಿಸಲು ನಮ್ಮ ಅಂಗಳದಲ್ಲೇ ಹಾದು ಹೋಗುತ್ತಾನೆ, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಗುದ್ದಲಿ. ಚಳಿಗಾಲದಲ್ಲಿ ಮುಖಕ್ಕೂ ಸುತ್ತಿರುತ್ತಾನೆ. ಸಿಸಿಟಿವಿಯಲ್ಲಿ ನೋಡಿದರೆ ಪಕ್ಕಾ ಕಳ್ಳನೇ. ಆ ಮನುಷ್ಯ ನಮ್ಮ ಪಕ್ಕದ ತೋಟದವರು, ನನ್ನ ಮಕ್ಕಳು ಕಾಕಾ ಅಂತ ಕರೆಯುವವರು. ಬೇಸಿಗೆಯಲ್ಲಂತೂ ನಾವೇ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗಿರುತ್ತೇವೆ. ಮಕ್ಕಳು ನಡುರಾತ್ರಿ ನೀರಿಗೆ ಎದ್ದು ಓಡಾಡುತ್ತಿರುತ್ತಾರೆ. ಯಾರು ಅಂತ ಕಾಣದೆ ಕುದುರೆ (ಟ್ರಿಗರ್) ಎಳೆಯುವ ಮನೆಗೆ ಯಾವ ಬಂದೂಕೂ ಆಗಿ ಬರಲ್ಲ. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಬಂದೂಕಿಗಿಂತ ಮೇಲೆ ನಾನು ಬರೆದದ್ದು ಮನೆಯ ನಾಲ್ಕೂ ಮೂಲೆಗೆ ಲೈಟು, ಇನ್ವರ್ಟರ್ ಮೇಲೆ ಓಡುವಂಥವು, ಮತ್ತೆ ಒಳಗಿನಿಂದ ಗಟ್ಟಿಯಾಗಿ ಹಾಕುವ ಅಗಳಿ.

ನಾಯಿ ಬಗ್ಗೆಯೂ ಕೇಳುತ್ತಾರೆ, ಮುಧೋಳದವರು ಅಲ್ವಾ ಅಂತ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿದು ಓಡುವ ಜಾತಿ. ಮೊಲದ ಹಿಂದೆ ಹೋದರೆ ಮನೆ ನೆನಪಾಗುವುದು ಆಮೇಲೆ. ಬೊಗಳುವುದಕ್ಕೆ ನಮ್ಮ ಬೀದಿ ನಾಯಿಗಳೇ ವಾಸಿ, ಎರಡು ಸಾಕಿದ್ದೇವೆ.

ಕಾನೂನು ಏನು ಹೇಳುತ್ತದೆ ಅಂತಲೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 41ನೇ ಸೆಕ್ಷನ್ ಪ್ರಕಾರ ಹೊತ್ತು ಮುಳುಗಿದ ಮೇಲೆ ಮನೆ ಒಡೆದು ನುಗ್ಗುವವನ ವಿರುದ್ಧ, ದರೋಡೆ ಮಾಡುವವನ ವಿರುದ್ಧ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವ ಮಟ್ಟಕ್ಕೂ ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ ಅಂತ 37ನೇ ಸೆಕ್ಷನ್ ಹೇಳುತ್ತದೆ. ಬಾವಿ ಹತ್ತಿರ ಮೋಟಾರಿನ ಕೇಬಲ್ ಕತ್ತರಿಸುತ್ತಿರುವವನ ಮೇಲೆ ಗುಂಡು ಹಾರಿಸಿದರೆ ಜೈಲಿಗೆ ಹೋಗುವುದು ನೀವು. ಕೇಬಲ್ ಹೋದರೆ ಹೋಗಲಿ, ಬಾಗಿಲು ಹಾಕಿಕೊಂಡು 112ಕ್ಕೆ ಫೋನ್ ಮಾಡಿ. ಇನ್ನು ಭೀಮಾ ತೀರದಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಕಂಟ್ರಿ ಪಿಸ್ತೂಲಿನ ಕಥೆ ಹೇಳುವ ಮಹಾನುಭಾವರು ಪ್ರತಿ ಊರಲ್ಲೂ ಇದ್ದಾರೆ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಕೈಯಲ್ಲೇ ಸಿಡಿದರೆ ಅದು ಬೇರೆ.

ಎಲ್ಲಿ ಇಡುವುದು ಅನ್ನುವುದರ ಮೇಲೆ ಮನೆಯಲ್ಲಿ ಜಾಸ್ತಿ ಜಗಳ ಆಯಿತು. ಮಾವನವರದು ಗೂಟಕ್ಕೆ ನೇತು ಹಾಕುವ ಕಾಲದ ಅಭ್ಯಾಸ. ಕೊನೆಗೆ ಕಬ್ಬಿಣದ ಉದ್ದನೆಯ ಕಪಾಟು ಮಾಡಿಸಿ ಮಲಗುವ ಕೋಣೆಯ ಗೋಡೆಗೆ ಬೋಲ್ಟ್ ಹಾಕಿಸಿದ್ದೇವೆ. ಬಂದೂಕು ಖಾಲಿಯಾಗಿ ಅಲ್ಲಿ, ಕಾಡತೂಸು ಬೇರೆ ಬೀಗದಲ್ಲಿ, ದೇವರ ಕೋಣೆಯ ತಿಜೋರಿಯಲ್ಲಿ. ಅವಸರಕ್ಕೆ ಆಗಲ್ಲ ಅಂತ ಮೈದುನನ ತಕರಾರು. ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ, ನಿಜ. ಆ ಅರ್ಧ ನಿಮಿಷ ಬಾಗಿಲ ಅಗಳಿ ಕೊಡಬೇಕು. ನನ್ನ ಸಣ್ಣವನು ಎಂಟು ವರ್ಷದವನು, ಮನೆಯಲ್ಲಿ ಬಚ್ಚಿಟ್ಟ ಯಾವ ಚಾಕಲೇಟನ್ನೂ ಇವತ್ತಿನವರೆಗೆ ಬಿಟ್ಟವನಲ್ಲ.

ಮಾವನವರ ಬಂದೂಕೇ ಮನೆಯಲ್ಲಿ ಉಳಿಯಬೇಕು ಅನ್ನುವವರಿಗೂ ದಾರಿ ಇದೆ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದ ಮೇಲೆ, ಅಥವಾ ಆ ಬಂದೂಕು 25 ವರ್ಷ ಅವರ ಹತ್ತಿರ ಇದ್ದ ಮೇಲೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು ಅಂತ 2016ರ ಆಯುಧ ನಿಯಮದಲ್ಲಿದೆ. ಅದಕ್ಕೆ ನಮ್ಮ ಮನೆಯವರು ಅರ್ಜಿ ಬರೆಯುತ್ತಿದ್ದಾರೆ. ನನ್ನದು ಬೇರೆ ಅರ್ಜಿ, ಪೊಲೀಸ್ ವಿಚಾರಣೆಯ ಹಂತದಲ್ಲಿದೆ.

ಒಂದು ಮಾತು ಬಿಟ್ಟುಹೋಗಿತ್ತು. ಚುನಾವಣೆ ಬಂದರೆ ಬಂದೂಕು ಠಾಣೆಗೆ ಜಮಾ ಮಾಡಿ ಅಂತ ನೋಟಿಸ್ ಬರುತ್ತದೆ, ಫಲಿತಾಂಶ ಬರುವವರೆಗೂ ಮನೆಯಲ್ಲಿ ಬಂದೂಕು ಇರಲ್ಲ. ಕೊಡುವ ಮುಂಚೆ ನಳಿಗೆಗೆ ಎಣ್ಣೆ ಹಚ್ಚಿ ಕೊಡಿ, ನಂಬರ್ ಸರಿಯಾಗಿ ಬರೆಸಿ ರಸೀದಿ ಇಸಿದುಕೊಳ್ಳಿ.