ಒಂದೂ ಹನಿ ಬೆಳಗಲಿಲ್ಲ

ಜುಲೈ 9, 2025, ಬುಧವಾರ
ಪುಣೆ

ಇವತ್ತು ರಿಪೋರ್ಟಿನಲ್ಲಿ ‘ಕಂಡುಬಂದಿಲ್ಲ’ ಅಂತ ಬರೆಯಬೇಕಿತ್ತು. ಇನ್ನೂ ಬರೆದಿಲ್ಲ.

ಮೊನ್ನೆ ಒಬ್ಬ ಹುಡುಗ ಅಪ್ಪನ ರಕ್ತವನ್ನು ನಮ್ಮ ಲ್ಯಾಬಿಗೆ ತಂದಿದ್ದ. ಚಿಕ್ಕೋಡಿ ಕಡೆಯವರು, ಹಡಪಸರದಲ್ಲಿ ಮಗಳ ಮನೆಯಲ್ಲಿದ್ದಾರೆ. ಟ್ಯೂಬು ಅರ್ಧವೂ ತುಂಬಿರಲಿಲ್ಲ. “ನಮ್ಮಪ್ಪಗ ನರಾನ ಸಿಗವಲ್ದು ಅಕ್ಕಾರ, ಇಷ್ಟ ಸಾಲಂಗಿಲ್ಲೇನ್ರಿ?” ಅಂದ. ನೋಡೋಣ ಎಂದೆ. ಆಗಲೇ ಬೇಡ ಎನ್ನಬೇಕಿತ್ತು.

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಕೊಡುತ್ತಿದ್ದ ಮಾತ್ರೆ ಹಿಡಿಯುತ್ತಿಲ್ಲ. ಗಡ್ಡೆಯಿಂದ ರಕ್ತಕ್ಕೆ ಬಂದ ಡಿಎನ್‌ಎ ತುಂಡುಗಳಲ್ಲಿ ನಾವು ಹುಡುಕುವುದು ಟಿ790ಎಂ ಎಂಬ ಬದಲಾವಣೆ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಡಿಎನ್‌ಎ ಅಕ್ಷರ ಸಿ ಇರಬೇಕಾದ ಕಡೆ ಟಿ, ಒಂದೇ ಅಕ್ಷರ. ಸಿಕ್ಕರೆ ಅದಕ್ಕೆ ಒಸಿಮರ್ಟಿನಿಬ್ ಎಂಬ ಮಾತ್ರೆ ಇದೆ.

ಇವತ್ತು ಸಂಜೆ ಮತ್ತೆ ಬಂದ. ಒಂದೇ ಅಕ್ಷರ ಹೆಂಗ ಕಾಣಸ್ತದ್ರಿ ಅಂತ ಕೇಳಿದ. ಸ್ವಾರಗೇಟ್ ಸ್ಟ್ಯಾಂಡಿನ ಗದ್ದಲದಲ್ಲಿ ಒಬ್ಬರೇ ಕನ್ನಡ ಮಾತಾಡಿದರೆ ಕೇಳಿಸುತ್ತಾ? ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರೆ ಕೇಳಿಸುತ್ತೆ ಅಲ್ವಾ, ಎಂದೆ. ಮೆಷಿನ್ ಮಾಡುವುದೂ ಅದನ್ನೇ. ರಕ್ತದಿಂದ ತೆಗೆದ ಡಿಎನ್‌ಎ ಇರುವ 20 ಮೈಕ್ರೋಲೀಟರ್ ದ್ರವವನ್ನು ಎಣ್ಣೆಯೊಳಗೆ ಸುಮಾರು 20,000 ಹನಿ ಮಾಡುತ್ತದೆ. ಹೆಚ್ಚಿನವು ಖಾಲಿ, ಕೆಲವಕ್ಕೆ ಒಂದೊಂದು ಡಿಎನ್‌ಎ ತುಂಡು. ಪಿಸಿಆರ್ ಆದಮೇಲೆ, ಅಂದರೆ ಆ ತುಂಡನ್ನು ಮತ್ತೆ ಮತ್ತೆ ನಕಲು ಮಾಡಿದ ಮೇಲೆ, ಬದಲಾದ ಅಕ್ಷರ ಇರುವ ಹನಿ ಮಾತ್ರ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಆಮೇಲೆ ಎಣಿಸುವುದಷ್ಟೆ.

ಇವತ್ತು ಒಂದೂ ಹೊಳೆಯಲಿಲ್ಲ.

“ಅಂದ್ರ ಇಲ್ಲಂತನ್ರಿ?”

ಅಲ್ಲ. ಅದೇ ನನ್ನನ್ನು ಕೊರೆಯುತ್ತಿರುವುದು. ಒಂದು ನ್ಯಾನೋಗ್ರಾಂ ಡಿಎನ್‌ಎ ಅಂದರೆ ಆ ಜೀನಿನ ಸುಮಾರು 300 ಪ್ರತಿ. ನಮಗೆ ಸಿಕ್ಕಿದ್ದು ಮೂರೂವರೆ ನ್ಯಾನೋಗ್ರಾಂ, ಸಾವಿರ ಪ್ರತಿ ಅಂದುಕೊಳ್ಳಿ. ಸಾವಿರಕ್ಕೆ ಒಂದು ಬದಲಾಗಿದ್ದರೆ ನಮ್ಮ ಪಾಲಿಗೆ ಬರುವುದು ಸರಾಸರಿ ಒಂದು. ಹಾಗಿದ್ದಾಗ ನೂರರಲ್ಲಿ 37 ಸಲ ಒಂದೂ ಬರುವುದಿಲ್ಲ. ಮೆಷಿನ್ ಎಷ್ಟೇ ಚುರುಕಿದ್ದರೂ ಟ್ಯೂಬಿನಲ್ಲಿ ಇಲ್ಲದ್ದನ್ನು ತೋರಿಸುವುದಿಲ್ಲ. ಸರಾಸರಿ ಮೂರು ಬಂದರೆ ತಪ್ಪಿಹೋಗುವುದು ನೂರರಲ್ಲಿ ಐದೇ ಸಲ. ಅದಕ್ಕೇ ತುಂಬು ಟ್ಯೂಬು ಕೇಳುವುದು, ಸುಮ್ನೆ ಅಲ್ಲ.

ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಛತ್ರಿ ಬಿಚ್ಚುತ್ತಾ, “ನಾಳೆ ಎರಡ ಟ್ಯೂಬ್ ತರ್ತೀನ್ರಿ. ಅಪ್ಪಗ ನಾ ಹೇಳ್ತೀನಿ” ಅಂದ.

ರಾತ್ರಿ ಹನ್ನೊಂದು. ಅಮ್ಮನ ಫೋನ್ ಎರಡು ಸಲ ಬಂತು, ತೆಗೆಯಲಿಲ್ಲ. ಆ ಮುದುಕರ ಕೈ ನೆನಪಾಗುತ್ತಿದೆ, ನೋಡಿಯೇ ಇಲ್ಲದ ಕೈ. ಬೆಳಿಗ್ಗೆ ರಕ್ತ ತೆಗೆಯುವ ಸಿಸ್ಟರ್‌ಗೆ ಮೊದಲು ಬಿಸಿನೀರಿನ ಬಟ್ಟೆ ಇಡಲು ಹೇಳಬೇಕು.