ಐಆರ್‌ಎಸ್ ಲೆಕ್ಕ ಮುಗಿದರೂ ಕ್ಯಾಲಿಫೋರ್ನಿಯಾದ್ದು ಬಾಕಿ

ಅಮೆರಿಕದಲ್ಲಿ ಗೆಳೆಯರು ಸೇರಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ, ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಪಾರ್ಟ್‌ನರ್‌ಶಿಪ್) ಮಾಡಿಕೊಂಡು ಬಾಡಿಗೆ ಕಟ್ಟಡ ಕೊಳ್ಳುವವರ ಟ್ಯಾಕ್ಸ್ ಫೈಲ್ ಮಾಡುವುದು ನನ್ನ ಕೆಲಸ. ಆಡಿಟ್ ಆದ ಮೇಲೆ ಅಲ್ಲಿನ ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ದುಡ್ಡು ಕಟ್ಟಿಬಿಟ್ಟರೆ ಮುಗೀತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ.

2015ರ ನವೆಂಬರ್‌ನಲ್ಲಿ ಬಂದ ಫೆಡರಲ್ (ಕೇಂದ್ರದ) ಕಾನೂನು 2018ರಿಂದಾಚೆಯ ತೆರಿಗೆ ವರ್ಷಗಳಿಗೆ ಆಡಿಟ್‌ನ ರೀತಿಯನ್ನೇ ಬದಲಿಸಿತು. ಕಡಿಮೆ ಬಿದ್ದ ತೆರಿಗೆಯನ್ನು ಈಗ ಪಾರ್ಟ್‌ನರ್‌ಶಿಪ್ಪೇ ಕಟ್ಟಬೇಕು, ಅದೂ ಸಾಮಾನ್ಯವಾಗಿ ಅತಿ ಹೆಚ್ಚಿನ ದರದಲ್ಲಿ, ಅಂದರೆ 37%. ಬೇಡವೆಂದರೆ ಆಡಿಟ್‌ಗೆ ಒಳಗಾದ ವರ್ಷದ ಪಾಲುದಾರರ ತಲೆಗೆ ಹಾಕಬಹುದು. ಆಗ ಬಡ್ಡಿ ದರ ಶೇ. 2ರಷ್ಟು ಜಾಸ್ತಿ. ಸಣ್ಣ ಪಾರ್ಟ್‌ನರ್‌ಶಿಪ್‌ಗಳು ಇದರಿಂದ ಹೊರಗುಳಿಯಬಹುದು. ಆದರೆ ಒಬ್ಬರು ತಮ್ಮ ಪಾಲನ್ನು ಫ್ಯಾಮಿಲಿ ಟ್ರಸ್ಟ್ ಹೆಸರಿಗೆ ಮಾಡಿದರೂ ಸಾಕು, ಆ ದಾರಿ ಎಲ್ಲರಿಗೂ ಮುಚ್ಚುತ್ತದೆ.

ಇನ್ನು ರಾಜ್ಯಗಳು. ಕೆಲವು ಫೆಡರಲ್ ಕಾನೂನು ಬದಲಾದ ಹಾಗೆ ತಾವೂ ಬದಲಾಗುತ್ತವೆ. ಕೆಲವು ಒಂದು ದಿನಾಂಕದಂದು ಇದ್ದ ಫೆಡರಲ್ ಕಾನೂನಿಗೇ ಅಂಟಿಕೊಂಡಿರುತ್ತವೆ. ಕ್ಯಾಲಿಫೋರ್ನಿಯಾ ವರ್ಷಗಟ್ಟಲೆ 2015ರ ಜನವರಿ 1ರಲ್ಲೇ ನಿಂತಿತ್ತು. ಹಾಗಾಗಿ ಈ ಆಡಿಟ್ ಪದ್ಧತಿಗೆ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. 2025ರ ತೆರಿಗೆ ವರ್ಷದಿಂದ ಆ ದಿನಾಂಕ 2025ರ ಜನವರಿ 1ಕ್ಕೆ ಸರಿದಿದೆ, ಆದರೆ ಬೋನಸ್ ಡಿಪ್ರಿಸಿಯೇಷನ್ ಅನ್ನು (ಸಾಮಾನಿನ ಬೆಲೆಯ ದೊಡ್ಡ ಪಾಲನ್ನು ಅಥವಾ ಪೂರ್ತಿಯನ್ನು ಮೊದಲ ವರ್ಷವೇ ಆದಾಯದಿಂದ ಕಳೆಯುವುದನ್ನು) ಆ ರಾಜ್ಯ ಈಗಲೂ ಒಪ್ಪುವುದಿಲ್ಲ.

ನಿಜವಾದ ತೊಡಕು ಇಲ್ಲೇ. 2021ರಲ್ಲಿ ಫ್ರಿಜ್, ಒಲೆ, ಕಾರ್ಪೆಟ್ ಅಂತ 1,00,000 ಡಾಲರ್ ತೋರಿಸಿ ಪೂರ್ತಿ ಬೋನಸ್ ತೆಗೆದುಕೊಂಡಿರಿ ಅನ್ನಿ. ಈ ದುಡ್ಡು ನಿಜಕ್ಕೂ ಹೋಗಿದ್ದು ಕಟ್ಟಡದ ಭಾಗಗಳಿಗೆ, 27.5 ವರ್ಷಕ್ಕೆ ಹಂಚಿ ಅಂತ ಐಆರ್‌ಎಸ್ ಹೇಳಿತು. ಫೆಡರಲ್‌ನಲ್ಲಿ ಹೆಚ್ಚುಕಡಿಮೆ ಇಡೀ ಮೊತ್ತ ಆದಾಯಕ್ಕೆ ವಾಪಸ್ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೀವು ಆ ವರ್ಷ ಕಳೆದಿದ್ದೇ ಸುಮಾರು 20,000. ಅಲ್ಲಿ ಸೇರುವುದು ಅದಕ್ಕಿಂತಲೂ ಕಡಿಮೆ. ಐಆರ್‌ಎಸ್ ಅಂಕಿಯನ್ನು ಸುಮ್ನೆ ನಕಲು ಮಾಡಿದರೆ ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟಿದ ಹಾಗಾಗುತ್ತದೆ, ಅಲ್ವಾ? ರಾಜ್ಯದ ಲೆಕ್ಕವನ್ನು ಮೊದಲಿಂದ ಮಾಡಬೇಕು. ಫೆಡರಲ್ ತೀರ್ಮಾನ ಅಂತಿಮವಾದ ಆರು ತಿಂಗಳೊಳಗೆ ರಾಜ್ಯಕ್ಕೆ ತಿಳಿಸಲೂಬೇಕು.

ಟೆಕ್ಸಾಸ್‌ನಲ್ಲಿರುವ ಪಾಲುದಾರರಿಗೂ ಇದು ಸೇರಿದ್ದೇ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಕಟ್ಟಡ ಕ್ಯಾಲಿಫೋರ್ನಿಯಾದಲ್ಲಿದೆ.

ಎಲ್‌ಎಲ್‌ಸಿ ಒಪ್ಪಂದ ಬರೆಸುವಾಗಲೇ ದಯವಿಟ್ಟು ವಕೀಲರಿಗೆ ಹೇಳಿ: ಆಡಿಟ್‌ಗೆ ಒಳಗಾದ ವರ್ಷದಲ್ಲಿ ಪಾಲುದಾರರಾಗಿದ್ದು ಆಮೇಲೆ ಬಿಟ್ಟುಹೋದವರ ತೆರಿಗೆಯನ್ನು ಯಾರು ಕೊಡಬೇಕು ಅನ್ನುವುದು ಫೆಡರಲ್‌ಗೂ ರಾಜ್ಯಕ್ಕೂ ಬೇರೆ ಬೇರೆಯಾಗಿ ಅದರಲ್ಲಿ ಇರಲಿ.