ಮೂರನೇ ಜೋಡಿ ಕಾಲು

ರಾತ್ರಿ ಹತ್ತಕ್ಕೆ ನಿಟ್ಟುವಳ್ಳಿಯಿಂದ ಅಕ್ಕನ ಮಗನ ಫೋಟೊ. ‘ಮಾಮ, ಮೀನಿನ ಅಂಗಡಿಯಲ್ಲಿ ತಗೊಂಡೆ. ನೀಲಿ ಲಾಬ್‌ಸ್ಟರ್ ಅಂದ್ರು. ಹೌದಾ?’

ಲಾಬ್‌ಸ್ಟರ್ ಸಮುದ್ರದ್ದು ಕಣೋ, ಇದು ಸಿಹಿನೀರಿನ ಕ್ರೇಫಿಶ್ ಅಂದೆ. ‘ಮತ್ತೆ ಸಿಗಡಿ ಯಾಕಲ್ಲ?’ ಅಂತ ಕೇಳಿದ. ಒಳ್ಳೆ ಪ್ರಶ್ನೆ! ಕಾಲು ಎಣಿಸು ಅಂದೆ. ಹೊಳೆ ಸಿಗಡಿಗೆ ಮುಂದಿನ ಎರಡು ಜೋಡಿ ಕಾಲಿನ ತುದಿಯಲ್ಲಿ ಮಾತ್ರ ಚಿಮಟ ಇರುತ್ತೆ. ಕ್ರೇಫಿಶ್‌ಗೆ ಮೂರು ಜೋಡಿಗೂ ಇರುತ್ತೆ. ಮೂರನೇದು ಪುಟ್ಟದು, ಝೂಮ್ ಮಾಡಿದರೇ ಕಾಣೋದು.

ಜಾತಿ ಹೇಳೋಕೆ ಬಣ್ಣ ನಂಬಬಾರದು. ನೀಲಿ ಬಣ್ಣ ಹಲವು ಜಾತಿಗಳಲ್ಲಿ ಬರುತ್ತೆ. ಬೆನ್ನಿನ ಕಡೆಯಿಂದ ಒಂದು, ಮುಂದಿನ ದೊಡ್ಡ ಚಿಮಟದ ಹತ್ತಿರದಿಂದ ಒಂದು, ಹೊಟ್ಟೆ ಕಡೆಯಿಂದ ಒಂದು ಫೋಟೊ ಕಳಿಸು ಅಂದೆ. ತಲೆ ಮೇಲೆ ಉದ್ದಕ್ಕೆ ನಾಲ್ಕು ಏಣು, ದೊಡ್ಡ ಚಿಮಟದ ಹೊರಅಂಚಲ್ಲಿ ಮೆತ್ತಗಿನ ಕೆಂಪು ಪಟ್ಟೆ ಕಂಡವು. ಇದು ಉತ್ತರ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ರೆಡ್‌ಕ್ಲಾ ಅನ್ನೋ ಕ್ರೇಫಿಶ್ ಜಾತಿ. ಆ ಪಟ್ಟೆ ಬರೋದು ಬೆಳೆದ ಗಂಡಿಗೆ.

ನಮ್ಮ ದೇಶದ ಕೆರೆ ಹೊಳೆಗಳಿಗೆ ಸ್ವಂತದ ಕ್ರೇಫಿಶ್ ಒಂದೂ ಇಲ್ಲ. ಅದಕ್ಕೇ, ಬೇಜಾರಾಯ್ತು ಅಂತ ಕುಂದವಾಡ ಕೆರೆಗೆ ಬಿಟ್ಟೀಯಾ ಹುಷಾರ್ ಅಂತ ಗದರಿದೆ.

ಇಷ್ಟಾದ ಮೇಲೆ ಹೊಟ್ಟೆ ಕಡೆಯ ಫೋಟೊ ತೆರೆದೆ. ಅದರಲ್ಲಿ ಮುಕ್ಕಾಲು ಅವನ ಹೆಬ್ಬೆರಳೇ. ಕೆಳಗೆ ಒಂದು ಸಾಲು: ‘ಮಾಮ, ಕಚ್ಚಿಬಿಡ್ತು.’